ಹದಿನೇಳನೇ ಪ್ರಶ್ನೆ

ಬಂಡ್ರಿಯ ಮೂಕಣ್ಣನ ಮಗಳು ಹೊಳೆಮ್ಮ ರಕ್ತಕ್ಕೆ ಹೆದರುವವಳಲ್ಲ. ನರ್ಸಿಂಗ್ ಸೇರಿದ ಮೊದಲ ವರ್ಷ ಹೊಸಪೇಟೆಯ ಆಸ್ಪತ್ರೆಯೊಂದರ ಡ್ರೆಸ್ಸಿಂಗ್ ರೂಮಿನಲ್ಲಿ ಜೊತೆಯ ಹುಡುಗಿಯರು ಒಬ್ಬೊಬ್ಬರೇ ಗೋಡೆ ಹಿಡಿದು ಕುಸಿಯುತ್ತಿದ್ದಾಗ, ಈಕೆ ಮಧ್ಯಾಹ್ನ ಮೆಸ್ಸಿನಲ್ಲಿ ಏನು ಪಲ್ಯ ಇರಬಹುದು ಎಂದು ಯೋಚಿಸುತ್ತ ನಿಂತಿದ್ದಳು. ಅವಳು ಹೆದರಿದ್ದು ನಾಲ್ಕನೇ ವರ್ಷದಲ್ಲಿ, ಅದೂ ಒಂದು ಪುಸ್ತಕಕ್ಕೆ. ಆ ಪುಸ್ತಕವನ್ನು ಅವಳೇ ಬರೆಯಬೇಕಾಗಿತ್ತು.

ಅದರ ಹೆಸರು ಡೆಸರ್ಟೇಶನ್. ಕನ್ನಡದಲ್ಲಿ ಪ್ರಬಂಧ ಎನ್ನಬಹುದು. ಆದರೆ ಹಾಗೆಂದರೆ ಹೈಸ್ಕೂಲಿನಲ್ಲಿ ಬರೆದ 'ನನ್ನ ಮೆಚ್ಚಿನ ಹಬ್ಬ' ನೆನಪಾಗಿ ಸ್ವಲ್ಪ ಧೈರ್ಯ ಬಂದುಬಿಡುತ್ತದೆ. ಆದ್ದರಿಂದಲೇ ಇರಬೇಕು, ಕಾಲೇಜಿನಲ್ಲಿ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಅವಳ ವಿಷಯದ ಪೂರ್ಣ ಹೆಸರು ಹೀಗಿತ್ತು: 'ಸಂಡೂರು ತಾಲ್ಲೂಕಿನ ಆಯ್ದ ಗ್ರಾಮವೊಂದರ ಮಹಿಳೆಯರಲ್ಲಿ ಮೂರ್ಛೆರೋಗದ ಪ್ರಥಮ ಚಿಕಿತ್ಸೆಯ ಕುರಿತಾದ ಜ್ಞಾನದ ಮೇಲೆ ವ್ಯವಸ್ಥಿತ ಬೋಧನಾ ಕಾರ್ಯಕ್ರಮದ ಪರಿಣಾಮವನ್ನು ಅಳೆಯುವ ಒಂದು ಅಧ್ಯಯನ.' ಇದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದವರಿಗೆ ಆಕ್ಸಿಜನ್ ಹಚ್ಚಬೇಕಾಗುತ್ತದೆ.

ಬಿಡಿಸಿ ಹೇಳಿದರೆ ವಿಷಯ ಸರಳ. ಮೊದಲು ಊರಿನ ಹೆಂಗಸರಿಗೆ ಮೂವತ್ತು ಪ್ರಶ್ನೆ ಕೇಳು, ಅವರಿಗೆ ಗೊತ್ತಿರುವುದಿಲ್ಲ. ಆಮೇಲೆ ಪಾಠ ಮಾಡು. ಒಂದು ವಾರ ಬಿಟ್ಟು ಅದೇ ಮೂವತ್ತು ಪ್ರಶ್ನೆ ಕೇಳು; ಈಗ ಗೊತ್ತಿರುತ್ತದೆ. ಮೊದಲಿನ ಅಂಕಕ್ಕೂ ಆಮೇಲಿನ ಅಂಕಕ್ಕೂ ನಡುವಿನ ಅಂತರವೇ ನಿನ್ನ ಪದವಿ. ಅಂತರ ಬರಲಿಲ್ಲವೋ, ಗೈಡ್ ಮೇಡಂ ಸಹಿ ಹಾಕುವುದಿಲ್ಲ. ಸಹಿ ಇಲ್ಲದಿದ್ದರೆ ಕೊನೆಯ ಪರೀಕ್ಷೆಗೆ ಕೂರಿಸುವುದಿಲ್ಲ. ಮತ್ತೆ ಆರು ತಿಂಗಳು ಹಾಸ್ಟೆಲ್ಲಿನ ತಿಳಿಸಾರು.

ಗೈಡ್ ಸುನಿತಾ ಮೇಡಂ ಕಂಪ್ಲಿಯ ಅಕ್ಕಿ ಗಿರಣಿಯವರ ಮನೆಯ ಮಗಳು. ಅಪ್ಪ ಅಕ್ಕಿಯಲ್ಲಿ ಕಲ್ಲು ಹುಡುಕಿದ ಕಣ್ಣಿನಲ್ಲೇ ಮಗಳು ವಾಕ್ಯದಲ್ಲಿ ತಪ್ಪು ಹುಡುಕುತ್ತಿದ್ದರು. ಅವರ ಕೆಂಪು ಪೆನ್ನು ಓಡಾಡಿದ ಮೇಲೆ ಪುಟವು ಆಪರೇಷನ್ ಥಿಯೇಟರಿನಿಂದ ಹೊರಬಂದಂತೆ ಕಾಣುತ್ತಿತ್ತು. ಹಂಪಿ ಬಜಾರಿನ ವ್ಯಾಪಾರಿಗಳ ಬಿಸಿಲಿನ ಬೇನೆಯ ಮೇಲೆ ಬರೆದ ಸ್ನೇಹಾ ಎಂಬ ಹುಡುಗಿ ಒಂದೇ ಅಧ್ಯಾಯವನ್ನು ಏಳು ಸಲ ತಿದ್ದಿ, ಕೊನೆಗೆ ತನಗೇ ಬಿಸಿಲಿನ ಬೇನೆ ಬರಿಸಿಕೊಂಡಿದ್ದಳು.

ಹೊಳೆಮ್ಮ ಮೂರ್ಛೆರೋಗವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ರೇವಣಸಿದ್ದ. ಊರಿನ ಸಮುದಾಯ ಭವನದ ಪಕ್ಕದಲ್ಲಿ ಮಿಷನ್ ಹಾಕಿಕೊಂಡು ಕೂರುವ ಟೈಲರ್ ಅವನು. ವರ್ಷಕ್ಕೆ ಒಂದೋ ಎರಡೋ ಸಲ ಫಿಟ್ಸ್ ಬಂದು ಬೀಳುತ್ತಿದ್ದ. ಹೋದ ವರ್ಷ ಬಿದ್ದಾಗ ಊರವರು ಓಡಿಬಂದು ನಾಲಿಗೆ ಕಚ್ಚಿಕೊಂಡಾನು ಎಂದು ಬಾಯಿಗೆ ಸ್ಟೀಲ್ ಚಮಚ ತುರುಕಿ ಎರಡು ಹಲ್ಲು ಮುರಿದಿದ್ದರು. ಎಲ್ಲರೂ ಪ್ರೀತಿಯಿಂದಲೇ ಮಾಡಿದ್ದು. ಅಲ್ಲಿಂದಾಚೆ ಅವನು ತುಟಿ ಮುಚ್ಚಿಕೊಂಡೇ ನಗುತ್ತಿದ್ದ, ಅದನ್ನು ನೋಡಿದಾಗೆಲ್ಲ ಹೊಳೆಮ್ಮನಿಗೆ ಸಂಕಟವಾಗುತ್ತಿತ್ತು.

ಪ್ರಶ್ನೆಗಳನ್ನು ಅವಳೇ ಕನ್ನಡಕ್ಕೆ ತಂದಳು. ಊರಿಗೆ ಬಂದ ಶನಿವಾರ ಭಾನುವಾರಗಳ ಮಧ್ಯಾಹ್ನ, ಹುಣಸೆಹಣ್ಣು ಬಿಡಿಸುತ್ತ ಕೂತ ಅಜ್ಜಿ ತಾಯಕ್ಕನ ಮುಂದೆ ಒಂದೊಂದನ್ನೇ ಓದುವಳು. ಅಜ್ಜಿಗೆ ತಿಳಿದರೆ ಊರಿಗೆ ತಿಳಿದಂತೆ ಎಂಬುದು ಅವಳ ಲೆಕ್ಕ. ಓದಿದ ಮೇಲೆ ಸರಿಯುತ್ತರವನ್ನೂ ಬಿಡಿಸಿ ಹೇಳುವಳು. ಅಜ್ಜಿ ತಲೆ ಎತ್ತದೆ ಹೂಂ ಎನ್ನುವಳು. ತಾಯಕ್ಕನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಮದುವೆಯ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಹಾಡಿದರೂ ಮುಗಿಯದಷ್ಟು ಸೋಬಾನೆ ಪದ ಅವಳ ತಲೆಯಲ್ಲಿದ್ದವು. ಹೊಲದಲ್ಲಿ ಕಳೆ ತೆಗೆಯುವ ಹೆಂಗಸರ ತಂಡಕ್ಕೆ ಮೂವತ್ತು ವರ್ಷದಿಂದ ಅವಳೇ ಮುಂದಾಳು. ಇದೆಲ್ಲ ಹೊಳೆಮ್ಮನಿಗೆ ಗೊತ್ತಿತ್ತು, ಆದರೂ ಅದರಿಂದ ಏನಾದೀತು ಎಂಬುದು ಗೊತ್ತಾಗಲಿಲ್ಲ.

ಮೊದಲ ಸುತ್ತಿನ ಪ್ರಶ್ನೆ ಕೇಳುವ ಶನಿವಾರ ಸಮುದಾಯ ಭವನದಲ್ಲಿ ನಲವತ್ತು ಹೆಂಗಸರು ಸೇರಿದರು. ತಲೆಗೆ ಎಣ್ಣೆ ಹಚ್ಚಿ, ಹಬ್ಬದ ಸೀರೆ ಉಟ್ಟು ಬಂದಿದ್ದರು. ತಾಯಕ್ಕನೂ ಅವರಲ್ಲಿ ಒಬ್ಬಳು. ಹೊಳೆಮ್ಮ ಒಬ್ಬೊಬ್ಬರನ್ನೇ ಒಳಗೆ ಕರೆದು, ಪ್ರಶ್ನೆಯನ್ನೂ ನಾಲ್ಕು ಉತ್ತರಗಳನ್ನೂ ಓದಿ, ಅವರು ಹೇಳಿದ್ದಕ್ಕೆ ಗುರುತು ಹಾಕಬೇಕು. ಮೊದಲು ಬಂದವಳು ಎದುರುಮನೆಯ ಯಮನಮ್ಮ.

"ಮೂರ್ಛೆ ಬಂದ ವ್ಯಕ್ತಿಯನ್ನು ಹೇಗೆ ಮಲಗಿಸಬೇಕು," ಎಂದು ಹೊಳೆಮ್ಮ ಓದತೊಡಗಿದಳು. "ಒಂದು..."

"ಮಗ್ಗಲಾಗಿ," ಎಂದಳು ಯಮನಮ್ಮ.

"ತಡಿಬೇ ಯಮನಕ್ಕ, ಇನ್ನಾ ಉತ್ತರ ಓದಿಲ್ಲ ನಾನು."

"ನೀ ಓದವ್ವ, ನಾ ಬ್ಯಾಡ ಅನ್ನಂಗಿಲ್ಲ. ಮಗ್ಗಲಾಗಿ. ತಲಿ ಕೆಳಗ ಮೆತ್ತಂದು ಇಡಬೇಕು. ಬಾಯಾಗ ಏನೂ ತುರುಕಬಾರ್ದು. ಐದು ನಿಮಿಷ ದಾಟಿದ್ರ ನೂರಾಎಂಟಕ್ಕ ಫೋನ್ ಹಚ್ಚಬೇಕು. ಮುಂದಿಂದು ಕೇಳು."

ಮುಂದಿನ ಮೂರು ಪ್ರಶ್ನೆಗಳಿಗೂ ಅದರಲ್ಲೇ ಉತ್ತರ ಬಂದುಹೋಗಿತ್ತು. ಯಮನಮ್ಮ ಪುಣ್ಯಾತ್ಗಿತ್ತಿ, ಎಲ್ಲೋ ಟಿವಿಯಲ್ಲಿ ನೋಡಿರಬೇಕು ಎಂದುಕೊಂಡಳು ಹೊಳೆಮ್ಮ. ಎರಡನೆಯವಳೂ ಹಾಗೇ. ಐದನೆಯವಳು ಮೂರನೇ ಪ್ರಶ್ನೆಗೆ ನಾಲ್ಕನೆಯದರ ಉತ್ತರ ಕೊಟ್ಟು, ನಾಲಿಗೆ ಕಚ್ಚಿಕೊಂಡು, ಬೆರಳು ಮಡಚಿ ಎಣಿಸಿ ಹಿಂದಕ್ಕೆ ಬಂದು ಸರಿಪಡಿಸಿಕೊಂಡಳು. ಸಂಜೆ ಕೂಡಿಸಿ ನೋಡಿದರೆ ಮೂವತ್ತಕ್ಕೆ ಸರಾಸರಿ ಇಪ್ಪತ್ತೇಳೂವರೆ. ಎಲ್ಲ ಗೊತ್ತಿರುವವರಿಗೆ ಇನ್ನು ಏನು ಪಾಠ ಮಾಡುವುದು, ಅಂತರ ಎಲ್ಲಿಂದ ತರುವುದು?

ನಲವತ್ತು ಹಾಳೆಗಳನ್ನು ಹರಡಿಕೊಂಡು ಕೂತಾಗ ಅವಳಿಗೆ ಇನ್ನೊಂದು ಕಂಡಿತು. ಹದಿನೇಳನೇ ಪ್ರಶ್ನೆ: ಮೂರ್ಛೆ ಬಂದವರ ಕೈಗೆ ಕಬ್ಬಿಣದ ಕೀಲಿಕೈ ಕೊಟ್ಟರೆ ಏನಾಗುತ್ತದೆ? ಏನೂ ಉಪಯೋಗವಿಲ್ಲ ಎಂಬುದು ಸರಿಯುತ್ತರ. ನಲವತ್ತಕ್ಕೆ ನಲವತ್ತು ಮಂದಿಯೂ 'ಮೂರ್ಛೆ ನಿಲ್ಲುತ್ತದೆ' ಎಂದಿದ್ದರು. ಉಳಿದದ್ದರಲ್ಲಿ ಪಂಡಿತರಾದವರೆಲ್ಲ ಒಂದೇ ಕಡೆ ಒಟ್ಟಾಗಿ ಎಡವಿದ್ದರು. ಹತ್ತನೇ ಕ್ಲಾಸಿನಲ್ಲಿ ಮುಂದಿನ ಬೆಂಚಿನವನ ತಪ್ಪು ಲೆಕ್ಕವನ್ನೇ ಹಿಂದಿನ ಐವರೂ ಬರೆದು ಸಿಕ್ಕಿಬಿದ್ದದ್ದು ನೆನಪಾಯಿತು. ಹಾಗಾದರೆ ಮುಂದಿನ ಬೆಂಚಿನಲ್ಲಿ ಕೂತವರು ಯಾರು?

ಮುಂದಿನ ಬೆಂಚು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿತ್ತು.

"ಅಜ್ಜಿ, ಎಲ್ಲಾರಿಗೂ ಉತ್ತರ ಹೇಳಿಕೊಟ್ಟಿಯೇನ್?"

"ಮತ್ತ ಸುಮ್ನೆ ಕುಂದ್ರಬೇಕಿತ್ತೇನ್?" ತಾಯಕ್ಕನಿಗೆ ಅಡಗಿಸುವಂಥದ್ದು ಏನೂ ಇರಲಿಲ್ಲ. "ನಿನ್ನ ಪರೀಕ್ಷಿ ಅಂದಿ. ಅವ್ರು ತಪ್ಪು ಹೇಳಿದ್ರ ನೀ ಫೇಲಾಗಂಗಿಲ್ಲೇನು? ಮೂರು ವಾರ ಸೇಂಗಾ ಹೊಲದಾಗ ಸಾಲು ಹಿಡ್ದು ಹೇಳಿಕೊಟ್ಟೀನಿ. ನಾ ಒಂದು ಮಾತು ಹೇಳಾದು, ಅವ್ರು ತಿರುಗಿ ಹೇಳಾದು. ಆ ಯಮನಿ ತಲಿಗೆ ಹೋಗಾಕ ನಾಕು ಸಾಲು ಬೇಕಾದ್ವು."

"ಹದಿನೇಳನೇದು ಯಾಕ ತಪ್ಪು ಹೇಳಿಕೊಟ್ಟಿ?"

"ಅದು ನೀ ತಪ್ಪು ಬರ್ದಿದ್ದಿ. ನಾ ಸರಿ ಮಾಡೀನಿ."

ಹೊಳೆಮ್ಮ ತಲೆಯ ಮೇಲೆ ಕೈಹೊತ್ತು ಕೂತಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆದರೆ ಇಲ್ಲಿ ದೊಣ್ಣೆ ಹಿಡಿದವಳು ಮೂರು ವಾರ ಬೆನ್ನು ಬಗ್ಗಿಸಿ ದುಡಿದಿದ್ದಳು, ಮೊಮ್ಮಗಳ ಮೇಲಿನ ಅಕ್ಕರೆಯಿಂದ. ಬೈಯುವ ಬದಲು ವಾದಕ್ಕೆ ಇಳಿದಳು.

"ಅಜ್ಜಿ, ನಮ್ಮ ಸಂಡೂರು ಸೀಮಿ ನೆಲ ಎಲ್ಲಾ ಕಬ್ಬಿಣ. ಕಬ್ಬಿಣಕ್ಕ ಫಿಟ್ಸ್ ನಿಲ್ಲಂಗಿದ್ರ ಇಲ್ಲಿ ಯಾರಿಗೂ ಬರಬಾರ್ದಿತ್ತಲ್ಲ?"

ಅಜ್ಜಿ ರೊಟ್ಟಿ ತಿರುವಿಹಾಕಿದಳು. "ಇದು ಅದಿರು ಲೇ. ಕಬ್ಬಿಣ ಆಗಬೇಕಂದ್ರ ತೋರಣಗಲ್ಲಿನ ಕಾರ್ಖಾನಿಗೆ ಹೋಗಿ ಸುಟ್ಕಂಡು ಬರಬೇಕು."

ಮರುದಿನ ಹೊಳೆಮ್ಮ ಚಾರ್ಟು, ಗೊಂಬೆ ಎಲ್ಲ ತೋರಿಸಿ, ಗೊತ್ತಿದ್ದವರಿಗೇ ಗೊತ್ತಿದ್ದದ್ದನ್ನು ಮುಕ್ಕಾಲು ಗಂಟೆ ಪಾಠ ಮಾಡಿದಳು. ಕೀಲಿಕೈಯ ವಿಷಯವನ್ನಂತೂ ಮೂರು ಸಲ ಹೇಳಿದಳು. ಹೆಂಗಸರು ತಲೆಯಾಡಿಸಿದರು, ತಾಯಕ್ಕನ ಮುಖ ನೋಡಿದರು, ಮತ್ತೆ ತಲೆಯಾಡಿಸಿದರು. ಅದು ಹೂಂ ಎಂದೋ ಊಹೂಂ ಎಂದೋ ತಿಳಿಯಲಿಲ್ಲ.

ಬೇರೆ ಊರು ಹಿಡಿದು ಮೊದಲಿನಿಂದ ಶುರು ಮಾಡೋಣವೆಂದರೆ ಪಂಚಾಯಿತಿಯ ಅನುಮತಿ ಪತ್ರಕ್ಕೇ ಎರಡು ತಿಂಗಳು ಹಿಡಿದಿತ್ತು. ಸಹಿಗೆ ಉಳಿದದ್ದು ಹತ್ತು ದಿನ. ಸೋಮವಾರ ಅವಳು ಹೊಸಪೇಟೆಗೆ ಮರಳಿ ಚಿತ್ತವಾಡ್ಗಿಯ ಹುಲಿಗೇಶನ ಅಂಗಡಿಗೆ ಹೋದಳು. ಝೆರಾಕ್ಸ್, ಟೈಪಿಂಗ್, ಬೈಂಡಿಂಗ್ ಎಂದು ಬೋರ್ಡು ಹಾಕಿಕೊಂಡಿದ್ದ ಹುಲಿಗೇಶ ಯಾವ ಕಾಲೇಜನ್ನೂ ಓದಿದವನಲ್ಲ, ಆದರೆ ಊರಿನ ಅರ್ಧ ಪದವೀಧರರ ಡೆಸರ್ಟೇಶನ್ ಟೈಪ್ ಮಾಡಿದವನು. ಕಥೆ ಪೂರ್ತಿ ಕೇಳಿ, ಚಹಾ ತರಿಸಿ, ಸಮಾಧಾನವಾಗಿ ಹೇಳಿದ:

"ಇಷ್ಟಕ್ಕ ಯಾಕ ಅಳ್ತೀರ್ರಿ ಮೇಡಂ? ಮೊದಲಿಂದು ಒಂಬತ್ತು ಹಾಕ್ರಿ, ಆಮ್ಯಾಲಿಂದು ಇಪ್ಪತ್ತೆರಡು ಹಾಕ್ರಿ. ಹದಿನೈದು ವರ್ಷದಿಂದ ನಾ ಅದನ್ನ ಹಾಕಾಕತ್ತೀನಿ. ಒಬ್ರೂ ಫೇಲಾಗಿಲ್ಲ."

ಹುಲಿಗೇಶನ ಕಂಪ್ಯೂಟರಿನಲ್ಲಿ ಈ ಸೀಮೆಯ ಅಜ್ಞಾನವೆಲ್ಲ ಪ್ರತಿ ವರ್ಷ ಒಂಬತ್ತಕ್ಕೆ ಹೊರಟು ಇಪ್ಪತ್ತೆರಡಕ್ಕೆ ಬಂದು ತಲುಪುತ್ತಿತ್ತು, ಕೆಂಪು ಬಸ್ಸಿಗಿಂತ ಕರಾರುವಾಕ್ಕಾಗಿ. ಬೇಡವೆನ್ನಬೇಕೆಂದುಕೊಂಡ ಹೊಳೆಮ್ಮ ಚಹಾ ಕುಡಿದು ಮುಗಿಸುವಷ್ಟರಲ್ಲಿ ಹೂಂ ಎಂದುಬಿಟ್ಟಿದ್ದಳು. ಅವನು ಟೈಪ್ ಮಾಡಿದ. ಪರದೆಯ ಮೇಲೆ ಬಂಡ್ರಿಯ ನಲವತ್ತು ಹೆಂಗಸರು ಒಂಬತ್ತಂಕದ ದಡ್ಡಿಯರಾಗಿ ಹೋದರು. ಸೇಂಗಾ ಹೊಲದಲ್ಲಿ ನಾಲ್ಕು ಸಾಲು ಹೆಚ್ಚಿಗೆ ಕಲಿತ ಯಮನಮ್ಮ ನೆನಪಾಗಿ ಅವಳಿಗೆ ನಾಚಿಕೆಯಾಯಿತು. ನಾಚಿಕೆಯನ್ನು ನುಂಗಿ ಹಾಸ್ಟೆಲ್ಲಿಗೆ ಹೋದಳು.

ಎರಡನೇ ಸುತ್ತಿನ ಭಾನುವಾರ ಬಂತು. ಅಂಕ ಆಗಲೇ ಟೈಪ್ ಆಗಿದ್ದರೂ ಕೇಳುವ ಶಾಸ್ತ್ರ ಮುಗಿಸಬೇಕಲ್ಲ. ನಲವತ್ತು ಮಂದಿ ಸಮುದಾಯ ಭವನದ ಮುಂದೆ ನೆರಳಿನಲ್ಲಿ ಕೂತಿದ್ದರು. ಹೊಳೆಮ್ಮ ಕ್ಲಿಪ್‌ಬೋರ್ಡಿಗೆ ಹಾಳೆ ಸಿಕ್ಕಿಸುತ್ತಿದ್ದಳು. ಪಕ್ಕದಲ್ಲಿ ಟಕಟಕ ಎನ್ನುತ್ತಿದ್ದ ಹೊಲಿಗೆ ಮಿಷನ್ ನಿಂತಿತು. ಆಮೇಲೆ ಸ್ಟೂಲು ಉರುಳಿದ ಸದ್ದು.

ರೇವಣಸಿದ್ದ ನೆಲಕ್ಕೆ ಬಿದ್ದಿದ್ದ. ಕೈಕಾಲು ಸೆಟೆದು ಅದುರುತ್ತಿದ್ದವು.

ಇಲ್ಲಿ ಒಂದು ನಿಜ ಹೇಳಬೇಕು. ಹೊಳೆಮ್ಮ ಫಿಟ್ಸನ್ನು ಪುಸ್ತಕದಲ್ಲಿ ಓದಿದ್ದಳು, ಗೊಂಬೆಯ ಮೇಲೆ ಮಾಡಿ ತೋರಿಸಿದ್ದಳು, ಕಣ್ಣಾರೆ ಇಷ್ಟು ಹತ್ತಿರದಿಂದ ಒಮ್ಮೆಯೂ ನೋಡಿರಲಿಲ್ಲ. ರಕ್ತಕ್ಕೆ ಹೆದರದ ಹುಡುಗಿ ಕ್ಲಿಪ್‌ಬೋರ್ಡನ್ನು ಎದೆಗೆ ಅವಚಿಕೊಂಡು ನಿಂತೇಬಿಟ್ಟಳು.

"ಮಿಷನ್ ಸರಿಸ್ರಿ. ಕತ್ರಿ ತಗೀರಿ," ಎಂದಿತು ತಾಯಕ್ಕನ ದನಿ, ಸಾಲು ಹಿಡಿಯುವಾಗ ಹೇಳುವ ಅದೇ ದನಿ. ಇಬ್ಬರು ಮಿಷನ್ ಎಳೆದರು. ಒಬ್ಬಳು ಹೊಲಿಯಲು ಕೊಟ್ಟಿದ್ದ ಲಂಗವೊಂದನ್ನು ಮಡಚಿ ಅವನ ತಲೆಯಡಿ ಇಟ್ಟಳು. ಯಮನಮ್ಮ ಮೊಬೈಲ್ ತೆಗೆದು, "ಹನ್ನೊಂದು ಗಂಟಿ ಆರು ನಿಮಿಷ," ಎಂದು ಸಾರಿದಳು. ಬೇರೆ ಬೀದಿಯಿಂದ ಓಡಿಬಂದ ಗಂಡಸೊಬ್ಬ ಚಮಚ ತರ್ರಿ ಎಂದು ಕೂಗಿದ. ನಾಲ್ಕೈದು ಹೆಂಗಸರು ಒಟ್ಟಿಗೆ ಅವನ ಕಡೆ ತಿರುಗಿ, "ಬಾಯಾಗ ಏನೂ ತುರುಕಬಾರ್ದು," ಎಂದರು. ಅವನು ಹಿಂದಕ್ಕೆ ಸರಿದ. ಯಾರೂ ಮೈ ಅದುಮಿ ಹಿಡಿಯಲಿಲ್ಲ, ಯಾರೂ ಮುತ್ತಲಿಲ್ಲ. ಅದುರುವುದು ತಗ್ಗುತ್ತಿದ್ದಂತೆ ಅವನನ್ನು ಮಗ್ಗುಲಿಗೆ ಹೊರಳಿಸಿದರು. "ಹನ್ನೊಂದು ಒಂಬತ್ತು," ಎಂದಳು ಯಮನಮ್ಮ.

ಆಗ ಹೊಳೆಮ್ಮನಿಗೆ ಕಂಡಳು ಅಜ್ಜಿ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಟ್ರಂಕಿನ ಕೀಲಿಕೈ ಅಷ್ಟುಹೊತ್ತಿಗೆ ಅವಳ ಮುಷ್ಟಿಯಲ್ಲಿತ್ತು. ರೇವಣಸಿದ್ದನ ಕೈಯಲ್ಲಲ್ಲ, ತನ್ನದೇ ಮುಷ್ಟಿಯಲ್ಲಿ. ಬೆರಳ ಗೆಣ್ಣು ಬಿಳುಚುವಷ್ಟು ಬಿಗಿಯಾಗಿ ಹಿಡಿದಿದ್ದಳು.

ಸ್ವಲ್ಪ ಹೊತ್ತಿಗೆ ರೇವಣಸಿದ್ದ ಕಣ್ಣು ಬಿಟ್ಟು, ಏನಾಯಿತೆಂದು ತಿಳಿಯದೆ ಸುತ್ತ ನೋಡಿದ. ಅವನನ್ನು ಸಂಡೂರಿನ ಆಸ್ಪತ್ರೆಗೆ ಕಳಿಸಿದ ಮೇಲೆ ಹೆಂಗಸರು ಸೀರೆ ಕೊಡವಿಕೊಂಡು ಮತ್ತೆ ಸಾಲಾಗಿ ಕೂತರು. ಪರೀಕ್ಷೆ ಬಾಕಿ ಇತ್ತಲ್ಲ. ಹದಿನೇಳನೇ ಪ್ರಶ್ನೆಗೆ ಮೂವತ್ತೊಂಬತ್ತು ಮಂದಿ ಏನೂ ಉಪಯೋಗವಿಲ್ಲ ಎಂದರು. ಕೊನೆಗೆ ಕೂತವಳು ತಾಯಕ್ಕ.

"ನಿಲ್ತೈತಿ," ಎಂದಳು.

"ಅಜ್ಜಿ, ಈಗ ನೀನ ನೋಡಿದಿ. ಅವನ ಕೈಯಾಗ ಕೊಡಲಿಲ್ಲ, ಆದ್ರೂ ನಿಂತಿತು."

"ಅವನ ಕೈಯಾಗ ಕೊಡಬ್ಯಾಡ ಅಂದಿ. ಕೊಡಲಿಲ್ಲ. ನನ್ನ ಕೈಯಾಗ ಹಿಡ್ಕಬ್ಯಾಡ ಅಂತ ಎಲ್ಲಿ ಬರ್ದೀಯ? ಹಾಕು ಗುರುತು."

ಹೊಳೆಮ್ಮ ಗುರುತು ಹಾಕಿದಳು.

ಸೋಮವಾರ ಬೆಳಿಗ್ಗೆ ಹುಲಿಗೇಶ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಅವಳು ಅಲ್ಲಿ ನಿಂತಿದ್ದಳು. "ಒಂಬತ್ತು ಅಳಿಸ್ರಿ. ಇಪ್ಪತ್ತೇಳೂವರೆ ಹಾಕ್ರಿ," ಎಂದಳು.

"ಯಾಕ್ರಿ ಸುಖವಾಗಿರಾದು ಬ್ಯಾಡನ?"

"ನಮ್ಮೂರವ್ರು ಒಂಬತ್ತು ಅಲ್ರಿ. ನಾನು ಇರಬಹುದು."

ಅವಳು ಎಲ್ಲವನ್ನೂ ಬರೆದಳು. ಹೊಲದಲ್ಲಿ ಪ್ರಶ್ನೆಪತ್ರಿಕೆ ಬಯಲಾದದ್ದು, ಹದಿನೇಳನೇ ಪ್ರಶ್ನೆ, ಟೈಲರ್ ಬಿದ್ದ ದಿನ ಹೆಂಗಸರು ಮಾಡಿದ್ದು, ಸಂಶೋಧಕಿ ಏನೂ ಮಾಡದೆ ನಿಂತದ್ದು. ಬುಧವಾರ ಸುನಿತಾ ಮೇಡಂ ಮುಂದೆ ಹಾಳೆಗಳನ್ನಿಟ್ಟು, ಆರು ತಿಂಗಳ ತಿಳಿಸಾರಿಗೆ ಮನಸ್ಸು ಗಟ್ಟಿ ಮಾಡಿಕೊಂಡು ನಿಂತಳು. ಮೇಡಂ ಕೆಂಪು ಪೆನ್ನಿನ ಕ್ಯಾಪು ತೆಗೆದು ಓದತೊಡಗಿದರು. ಮೊದಲ ಪುಟದಲ್ಲಿ ಹನ್ನೊಂದು ತಪ್ಪು. ಎರಡನೆಯದರಲ್ಲಿ ಒಂಬತ್ತು. ಅಂಕಗಳ ಪಟ್ಟಿಗೆ ಬಂದಾಗ ಪೆನ್ನು ನಿಂತಿತು. ಅಲ್ಲಿಂದ ಮುಂದೆ ಅವರು ಪೆನ್ನು ತಾಗಿಸದೆ ಓದಿದರು.

"ಆ ಬೀರುವಿನಾಗ ಅರವತ್ತು ಡೆಸರ್ಟೇಶನ್ ಅದಾವ," ಎಂದರು ಕೊನೆಗೆ. "ಎಲ್ಲಾರ ಊರೂ ಒಂಬತ್ತಕ್ಕ ದಡ್ಡ, ಇಪ್ಪತ್ತೆರಡಕ್ಕ ಶ್ಯಾಣ್ಯಾ. ಆ ಟೈಪಿಂಗ್ ಅಂಗಡಿಯವನ ಕೈವಾಡ ನನಗ ಗೊತ್ತಿಲ್ಲ ಅಂತ ತಿಳ್ಕಂಡಿದ್ದೀರಿ ನೀವೆಲ್ಲಾ."

ಮೇಡಂ ಕೊನೆಯ ಅಧ್ಯಾಯದ ಮೇಲೆ ಬೆರಳಿಟ್ಟರು.

"ಇದನ್ನ ಕೊನೀ ಅಧ್ಯಾಯದಾಗ ಮಿತಿಗಳು ಅಂತ ಯಾಕ ಹಾಕೀ? ಅಧ್ಯಯನನ ಇದು. ಬೋಧನಾ ವಿಧಾನ ಅಂತ ಬೇರೆ ಅಧ್ಯಾಯ ಮಾಡು. ಬೋಧಕರ ಹೆಸರು ತಾಯಕ್ಕ, ಸ್ಥಳ ಸೇಂಗಾ ಹೊಲ. ಮೂರು ವಾರದಾಗ ಮೂವತ್ತೊಂಬತ್ತು ಮಂದಿಗೆ ಓದು ಬರದಾಕಿ ಕಲಿಸ್ಯಾಳ. ನಾ ನಿಮಗ ನಾಲ್ಕು ವರ್ಷ ಕಲಿಸೀನಿ, ನೀ ಕ್ಲಿಪ್‌ಬೋರ್ಡ್ ಹಿಡ್ಕಂಡು ನಿಂತೀ." ಅವರು ಸಹಿ ಹಾಕಿದರು. ಹಾಕಿದ ಮೇಲೆ ನೋಡಿದರೆ ಕೈಯಲ್ಲಿದ್ದದ್ದು ಕೆಂಪು ಪೆನ್ನು. ಅದರ ಮೇಲೆಯೇ ನೀಲಿಯಲ್ಲಿ ಇನ್ನೊಮ್ಮೆ ಹಾಕಿದರು. ಸುನಿತಾ ಮೇಡಂ ತಮ್ಮ ತಪ್ಪನ್ನು ತಾವೇ ತಿದ್ದಿಕೊಂಡದ್ದನ್ನು ಕಂಡ ಮೊದಲ ವಿದ್ಯಾರ್ಥಿನಿ ಎಂದು ಹೊಳೆಮ್ಮ ಹಾಸ್ಟೆಲ್ಲಿನಲ್ಲಿ ಎರಡು ದಿನ ಪ್ರಸಿದ್ಧಳಾಗಿದ್ದಳು.

ಬಂಗಾರದ ಅಕ್ಷರದ ರಟ್ಟು ಹಾಕಿಸಿದ ಒಂದು ಪ್ರತಿಯನ್ನು ಅವಳು ಊರಿಗೆ ತಂದಳು. ರೇವಣಸಿದ್ದ ಅದಕ್ಕೊಂದು ಬಟ್ಟೆಯ ಚೀಲ ಹೊಲಿದುಕೊಟ್ಟ. ಕೊಡುವಾಗ ನಕ್ಕ, ಉಳಿದ ಹಲ್ಲುಗಳೆಲ್ಲ ಇದ್ದಲ್ಲೇ ಇದ್ದವು. ಹೊಳೆಮ್ಮ ಪಡಸಾಲೆಯಲ್ಲಿ ಕೂತು ಅಜ್ಜಿಯ ಅಧ್ಯಾಯವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಹೇಳುತ್ತ ಓದಿದಳು. ತಾಯಕ್ಕ ಹೂಂ ಹೂಂ ಎಂದಳು.

"ನನಗ ಎಷ್ಟು ಬಂತು?"

"ಮೂವತ್ತಕ್ಕ ಇಪ್ಪತ್ತೊಂಬತ್ತು. ಒಂದು ಹೋತು."

ತಾಯಕ್ಕ ಹುಣಸೆಬೀಜ ಒಂದನ್ನು ಬೆರಳಲ್ಲಿ ಹೊರಳಿಸುತ್ತ ಹೇಳಿದಳು. "ನನಗೊಬ್ಬಾಕಿ ತಂಗಿ ಇದ್ಲು. ನಿಮ್ಮಪ್ಪಗೂ ಗೊತ್ತಿಲ್ಲ. ಹನ್ನೊಂದು ವರ್ಷದಾಕಿ. ಹಿಂಗ ಬರ್ತಿತ್ತು ಆಕಿಗೆ. ಬಂದಾಗೆಲ್ಲಾ ನಾನ ಕೀಲಿಕೈ ಕೊಡ್ತಿದ್ದೆ. ಕಡೀ ಸಲಾನೂ ಕೊಟ್ಟಿದ್ದೆ. ಆಕಿ ಏಳಲಿಲ್ಲ."

"ಮತ್ತ... ನಿಲ್ಲಂಗಿಲ್ಲ ಅಂತ ನಿನಗ ಗೊತ್ತಿತ್ತಲ್ಲ, ಅಜ್ಜಿ."

"ಗೊತ್ತಿತ್ತು. ಬ್ಯಾರೆ ಏನಿತ್ತು ನನ್ನ ಕೈಯಾಗ?"

ಅಜ್ಜಿ ಎದ್ದು ಪುಸ್ತಕವನ್ನು ಚೀಲ ಸಮೇತ ಟ್ರಂಕಿನಲ್ಲಿ ತನ್ನ ಮದುವೆ ಸೀರೆಯ ಮೇಲಿಟ್ಟು ಬೀಗ ಹಾಕಿದಳು. ಕೀಲಿಕೈಯನ್ನು ಒಮ್ಮೆ ತಿರುವಿ ನೋಡಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳದೆ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದಳು.

"ಇನ್ಮ್ಯಾಲೆ ಇದು ಟ್ರಂಕಿನ ಕೀಲಿಕೈ ಅಷ್ಟ," ಎಂದಳು.

ಆ ಒಂದು ಅಂಕವನ್ನು ಅಲ್ಲೇ ಆಗಲೇ ಹಾಕಿಬಿಡಬೇಕೆಂದು ಹೊಳೆಮ್ಮನ ಕೈ ತುರಿಸಿತು. ಆದರೆ ಪುಸ್ತಕಕ್ಕೆ ಆಗಲೇ ರಟ್ಟು ಬಿದ್ದಿತ್ತು, ಟ್ರಂಕಿಗೆ ಬೀಗ ಬಿದ್ದಿತ್ತು.